ಪ್ರಜಾಪ್ರತಿನಿಧಿ ಸಭೆ: ಕೇಳುವ ಹಕ್ಕಿತ್ತು, ಆಳುವ ಅಧಿಕಾರವಿರಲಿಲ್ಲ

ಸಾಫ್ಟ್‌ವೇರ್ ಉದ್ಯೋಗಿಗಳ ವಸತಿ ಸಮುಚ್ಚಯಗಳಿಂದ ತುಂಬಿರುವ ಸರ್ಜಾಪುರ ಒಂದು ಕಾಲಕ್ಕೆ ನೇಯ್ಗೆಗೆ ಹೆಸರಾಗಿದ್ದ ಊರು. ಆನೇಕಲ್ ತಾಲ್ಲೂಕಿನ ಈ ಊರೂ ಸೇರಿದಂತೆ ಹಳೆಯ ಮೈಸೂರು ಸಂಸ್ಥಾನದ ಹೋಬಳಿಗಳ ಅಹವಾಲು ನೇರವಾಗಿ ದಿವಾನರ ಕಿವಿಗೆ ಬೀಳುವ ವ್ಯವಸ್ಥೆಯೊಂದು ರೂಪುಗೊಂಡದ್ದು 1881ರಲ್ಲಿ. ಅದೇ ಮೈಸೂರು ಪ್ರಜಾಪ್ರತಿನಿಧಿ ಸಭೆ.

ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ನಂತರ ಆ ವರ್ಷದ ಮಾರ್ಚ್‌ನಲ್ಲಿ ರಾಜ್ಯವು ಹತ್ತನೆಯ ಚಾಮರಾಜ ಒಡೆಯರ ಕೈ ಸೇರಿತು. ದಿವಾನ್ ಸಿ. ರಂಗಾಚಾರ್ಲು ಅವರು ದಸರಾ ಸಂದರ್ಭದಲ್ಲಿ ಮೈಸೂರಿನಲ್ಲಿ ಮೊದಲ ಸಭೆ ಕರೆದಾಗ 144 ಪ್ರತಿನಿಧಿಗಳು ಸೇರಿದ್ದರು. ತಾಲ್ಲೂಕುಗಳಿಂದ ಬಂದ ಪ್ರಮುಖ ರೈತರು ಹಾಗೂ ವರ್ತಕರೇ ಅವರಲ್ಲಿ ಹೆಚ್ಚು. ದಿವಾನರು ಆಡಳಿತದ ವರದಿ ಓದುವರು, ಸದಸ್ಯರು ಕುಂದುಕೊರತೆ ಹೇಳುವರು. ತೀರ್ಮಾನ ಮಾತ್ರ ಸರ್ಕಾರದ್ದೇ.

ಸೀಮಿತ ಮತದಾನ

1891ರಲ್ಲಿ ಚುನಾವಣೆ ಜಾರಿಗೆ ಬಂದಿತು. ಆದರೆ ನಿಗದಿತ ಪ್ರಮಾಣದ ಕಂದಾಯ, ತೆರಿಗೆ ಕಟ್ಟುವವರು ಹಾಗೂ ಪದವೀಧರರಂತಹ ಕೆಲವರಿಗಷ್ಟೇ ಮತದ ಹಕ್ಕಿತ್ತು. ಭೂಮಿಯಿಲ್ಲದ ಕೂಲಿಕಾರ, ಬಡ ನೇಕಾರ ಇದರಿಂದ ಹೊರಗುಳಿದರು. 1907ರಲ್ಲಿ ಕಾನೂನು ರಚನೆಗಾಗಿ ನ್ಯಾಯವಿಧಾಯಕ ಸಭೆ ಸ್ಥಾಪನೆಯಾಯಿತು.

ಪ್ರಾತಿನಿಧ್ಯ ಯಾರಿಗೆ ಎಂಬ ಪ್ರಶ್ನೆಯೂ ತೀವ್ರಗೊಂಡಿತು. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿಕೊಂಡಿತು. 1918ರಲ್ಲಿ ಸರ್ಕಾರಿ ಸೇವೆಯಲ್ಲಿ ಹಿಂದುಳಿದ ಸಮುದಾಯಗಳ ಪಾಲನ್ನು ಪರಿಶೀಲಿಸಲು ಮಿಲ್ಲರ್ ಸಮಿತಿ ನೇಮಕಗೊಂಡಿತು.

1923ರ ಸುಧಾರಣೆ

ಬ್ರಜೇಂದ್ರನಾಥ ಶೀಲ್ ಸಮಿತಿಯ ಶಿಫಾರಸಿನಂತೆ 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಬಲ ದೊರೆಯಿತು. ಹೊಸ ತೆರಿಗೆ ವಿಧಿಸುವ ಮುನ್ನ, ಮಸೂದೆಗಳ ಮೂಲತತ್ತ್ವಗಳ ಬಗ್ಗೆ ಅದರ ಅಭಿಪ್ರಾಯ ಪಡೆಯಬೇಕಾಯಿತು. ಮಹಿಳೆಯರಿಗೂ ಮತದ ಬಾಗಿಲು ತೆರೆಯಿತು. ನ್ಯಾಯವಿಧಾಯಕ ಸಭೆಗೆ ಆಯವ್ಯಯದ ಬೇಡಿಕೆಗಳ ಮೇಲೆ ಮತ ಹಾಕುವ ಅಧಿಕಾರ ಬಂದಿತು. ಆದರೂ ಎರಡೂ ಸಭೆಗಳ ಅಧ್ಯಕ್ಷತೆ ದಿವಾನರದೇ; ಅವರು ಉತ್ತರದಾಯಿಯಾಗಿದ್ದುದು ಮಹಾರಾಜರಿಗೆ, ಸಭೆಗಲ್ಲ. ಸಭೆ ಅಸಮ್ಮತಿ ಸೂಚಿಸಿದರೂ ದಿವಾನರನ್ನು ಕೆಳಗಿಳಿಸುವಂತಿರಲಿಲ್ಲ.

ಈ ಕೊರತೆಯೇ ಜವಾಬ್ದಾರಿ ಸರ್ಕಾರದ ಬೇಡಿಕೆಗೆ ಬೀಜವಾಯಿತು. 1947ರ 'ಮೈಸೂರು ಚಲೋ' ಚಳವಳಿಯ ಫಲವಾಗಿ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ನೇತೃತ್ವದ ಸಚಿವ ಸಂಪುಟ ಅಧಿಕಾರಕ್ಕೆ ಬಂದಿತು. 1949ರಲ್ಲಿ ಹಳೆಯ ಸಭೆಗಳು ವಿಸರ್ಜನೆಗೊಂಡವು. ಮೊದಲ ಮಹಾಚುನಾವಣೆಯಲ್ಲಿ ಕಂದಾಯ ಕಟ್ಟುವ ಜಮೀನ್ದಾರನ ಮತಕ್ಕೂ ಮಗ್ಗದ ಮುಂದೆ ಕುಳಿತ ನೇಕಾರನ ಮತಕ್ಕೂ ಒಂದೇ ಬೆಲೆ ಬಂದಿತು.

ಅರವತ್ತೆಂಟು ವರ್ಷಗಳ ಈ ಪ್ರಯೋಗ ಎರಡು ಸಂಗತಿಗಳನ್ನು ತೋರಿಸಿಕೊಟ್ಟಿದೆ. ಪ್ರಶ್ನಿಸುವ ವೇದಿಕೆಯೊಂದು ಆಡಳಿತವನ್ನು ಎಚ್ಚರವಾಗಿರಿಸಬಲ್ಲದು. ಆದರೆ ಆಳುವವರನ್ನು ಬದಲಿಸುವ ಹಕ್ಕಿಲ್ಲದಿದ್ದರೆ ಅಹವಾಲು ಅಹವಾಲಾಗಿಯೇ ಉಳಿಯುತ್ತದೆ.