ಗಾಳಿಯ ಮೇಲೆ ಕೂತ ಸವಾರಿ

ಚನ್ನರಾಯಪಟ್ಟಣವೆಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಹಾಸನ ಜಿಲ್ಲೆಯ ಊರು. ಇಲ್ಲಿ ಹೇಳಹೊರಟಿರುವುದು ದೇವನಹಳ್ಳಿ ತಾಲ್ಲೂಕಿನ ಹೋಬಳಿ ಊರಿನ ಮಾತು. ಮುಸ್ಸಂಜೆ ಇಲ್ಲಿನ ರಸ್ತೆಬದಿ ನಿಂತು ನೋಡಿ. ಸವಾರನ ಬೆನ್ನಿಗೆ ಒಂದು ಮೂಟೆ, ಅದರ ಹಿಂದೆ ಇನ್ನೊಬ್ಬ. ಬೈಕಿನ ಹಿಂಭಾಗ ಕುಸಿದು, ಮುಂದಿನ ದೀಪ ಮರದ ಕೊಂಬೆಯನ್ನು ಬೆಳಗುತ್ತಿರುತ್ತದೆ. ಎದುರು ಬರುವವನ ಕಣ್ಣು ಕೋರೈಸುತ್ತದೆ. ಸವಾರನಿಗೆ ತನ್ನ ಮುಂದಿನ ಗುಂಡಿಯೇ ಕಾಣುವುದಿಲ್ಲ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಅನೇಕ ಬೈಕುಗಳ ಹಿಂದಿನ ಶಾಕ್ ಅಬ್ಸಾರ್ಬರಿಗೆ ಮೆಟ್ಟಿಲು ಕೊರೆದ ಒಂದು ಬಳೆ ಇರುತ್ತದೆ. ಕೊಕ್ಕೆ ಸ್ಪ್ಯಾನರಿನಿಂದ ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಬಿಗಿಯಾಗಿ ಹಿಂಭಾಗ ಮೇಲೇಳುತ್ತದೆ. ಆದರೆ ಹಾಗೆ ತಿರುಗಿಸುವವರನ್ನು ನಾನು ಕಂಡದ್ದು ಕಡಿಮೆ. ಸ್ಪ್ರಿಂಗಿನ ಬದಲು ಗಾಳಿಯನ್ನೇ ತುಂಬಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಇಲ್ಲಿಯೇ.

ಗಾಳಿಗೂ ಚಕ್ರಕ್ಕೂ ನಂಟು ಹಳೆಯದು. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಗಾಳಿ ಟೈರಿಗೆ ಪೇಟೆಂಟ್ ಪಡೆದ. ಹೆಸರು ಬಂದದ್ದು ಮಾತ್ರ 1888ರಲ್ಲಿ ಅದನ್ನು ಮತ್ತೆ ಕಂಡುಹಿಡಿದ ಡನ್‌ಲಪ್‌ಗೆ. ಶಾಕ್ ಅಬ್ಸಾರ್ಬರಿನೊಳಕ್ಕೆ ಗಾಳಿ ಬಂದದ್ದಕ್ಕೆ ವಿಮಾನದ ಋಣವೂ ಇದೆ. ನೆಲಕ್ಕಿಳಿಯುವ ವಿಮಾನದ ಭಾರ ತಾಳಲು ಎಣ್ಣೆ ಮತ್ತು ಅನಿಲ ತುಂಬಿದ ಕಾಲುಗಳನ್ನು ಮಾಡುತ್ತಿದ್ದ ಇಂಗ್ಲೆಂಡಿನ ಡೌಟಿ ಕಂಪನಿ, ಎರಡನೇ ಮಹಾಯುದ್ಧ ಮುಗಿದ ಮೇಲೆ ಅದೇ ತಂತ್ರವನ್ನು ಬೈಕಿನ ಮುಂಗಾಲಿಗೆ ತಂದಿತು. ಪ್ಯಾಂಥರ್, ವೆಲೊಸೆಟ್ ಬೈಕುಗಳು ಅದನ್ನು ತೊಟ್ಟವು. ಸೀಲು ಸವೆದರೆ ಗಾಳಿ ಸೋರಿ ಮುಂಗಾಲು ಕುಸಿಯುತ್ತಿತ್ತು! ಕೆಲವೇ ವರ್ಷಗಳಲ್ಲಿ ಪ್ಯಾಂಥರ್ ಸ್ಪ್ರಿಂಗಿಗೇ ಮರಳಿತು.

ಮತ್ತೆ ಗಾಳಿಗೆ ಯೋಗ ಬಂದದ್ದು 1980ರಲ್ಲಿ, ಹೋಂಡಾ ಗೋಲ್ಡ್‌ವಿಂಗ್ ಜಿಎಲ್ 1100ರೊಡನೆ. ಹಾರ್ಲೆಯ ದೂರಪ್ರಯಾಣದ ಬೈಕುಗಳೂ ಹಿಂಬಾಲಿಸಿದವು. ಗಾಳಿಯ ಗುಣವೇನೆಂದರೆ, ಅದನ್ನು ಒತ್ತಿದಷ್ಟೂ ಗಟ್ಟಿ. 1662ರಲ್ಲಿ ಬಾಯ್ಲ್ ಹೇಳಿದ ನಿಯಮವಿದು: ಜಾಗ ಅರ್ಧವಾದರೆ ಒತ್ತಡ ಇಮ್ಮಡಿ. ಆದ್ದರಿಂದ ಸಣ್ಣ ಕುಲುಕಿಗೆ ಮೆತ್ತಗೆ, ದೊಡ್ಡ ಗುಂಡಿಗೆ ಬಿಗಿ. ಒಬ್ಬರೇ ಹೋಗುವಾಗ ಕಡಿಮೆ ಗಾಳಿ, ಹೆಂಡತಿ ಮತ್ತು ಪೆಟ್ಟಿಗೆಗಳು ಜೊತೆಗಿದ್ದರೆ ಹೆಚ್ಚು. ಎಷ್ಟೆಂಬುದು ಬೈಕಿನ ಕೈಪಿಡಿಯಲ್ಲಿರುತ್ತದೆ.

ಎಡವಟ್ಟಾಗುವುದು ತುಂಬುವ ಬಗೆಯಲ್ಲಿ. 2010ರಲ್ಲಿ ಹಾರ್ಲೆ ಭಾರತದಲ್ಲಿ ಮಾರಾಟಕ್ಕೆ ಬಂದ ಮೇಲೆ ಇಂಥ ಬೈಕುಗಳು ದೇವನಹಳ್ಳಿ ದಾರಿಯಾಗಿ ನಂದಿಬೆಟ್ಟಕ್ಕೆ ಓಡತೊಡಗಿದವು. ದಾರಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿಬಿಡೋಣ ಎನ್ನಿಸುವುದು ಸಹಜ. ಟೈರಿನೊಳಗೆ ಹಲವಾರು ಲೀಟರ್ ಜಾಗವಿದೆ. ಶಾಕಿನೊಳಗೆ ಇರುವುದು ಒಂದು ಲೋಟದಷ್ಟೂ ಇಲ್ಲ. ಅಂಗಡಿಯ ಕಂಪ್ರೆಸರಿನ ಒಂದು ಉಸಿರಿಗೆ ಮಿತಿ ಮೀರಿ ಸೀಲೇ ಕಿತ್ತುಹೋಗಬಹುದು. ಸಣ್ಣ ಕೈಪಂಪಿನಿಂದಲೇ ತುಂಬಬೇಕು, ಎಂಜಿನ್ ಆರಿ ಶಾಕು ತಣ್ಣಗಿರುವಾಗ. ಗೇಜು ಹಚ್ಚಿ ತೆಗೆಯುವಷ್ಟರಲ್ಲಿಯೂ ಒಂದಿಷ್ಟು ಗಾಳಿ ಜಾರುತ್ತದೆ. ಈ ತಾಪತ್ರಯವೂ ಒಂದು ಕಾರಣವಿರಬೇಕು: 2001ರ ಗೋಲ್ಡ್‌ವಿಂಗ್ ಗಾಳಿಯನ್ನು ಬಿಟ್ಟು, ಗುಂಡಿ ಒತ್ತಿ ಸ್ಪ್ರಿಂಗ್ ಬಿಗಿಮಾಡುವ ಏರ್ಪಾಡಿಗೆ ಹೋಯಿತು. ಹಾರ್ಲೆಯೂ 2017ರ ಮಾದರಿಗಳಲ್ಲಿ ಅದೇ ಹಾದಿ ಹಿಡಿಯಿತು.

ಬೈಕು ಬಿಟ್ಟುಕೊಟ್ಟ ಗಾಳಿಯನ್ನು ಬಸ್ಸು ಬಿಡಲಿಲ್ಲ. ಇದೇ ಜಿಲ್ಲೆಯ ಹೊಸಕೋಟೆಯಲ್ಲಿ 1998ರಲ್ಲಿ ಲಾರಿ ತಯಾರಿಕೆ ಆರಂಭಿಸಿದ ವೋಲ್ವೊ, 2001ರಲ್ಲಿ ಬಸ್ಸನ್ನೂ ಹೊರತಂದಿತು. ಅದರ ಅಚ್ಚಿನ ಮೇಲೆ ಇರುವುದು ಗಾಳಿ ತುಂಬಿದ ರಬ್ಬರ್ ಚೀಲಗಳು. ಜನ ಹತ್ತಿ ಬಸ್ಸು ತಗ್ಗಿದರೆ ಒಂದು ಕವಾಟ ತಾನೇ ತೆರೆದು ಗಾಳಿ ಸೇರಿಸುತ್ತದೆ. ಜನ ಇಳಿದರೆ ಹೊರಬಿಡುತ್ತದೆ. ಸವಾರ ಕೈಪಂಪು ಹಿಡಿದು ಮಾಡಬೇಕಿದ್ದ ಕೆಲಸವೇ ಅದು. 2008ರಲ್ಲಿ ವಿಮಾನ ನಿಲ್ದಾಣ ತೆರೆದಾಗ ಓಡತೊಡಗಿದ ಬಸ್ಸುಗಳೂ ವೋಲ್ವೊಗಳೇ. ಅವಕ್ಕೆ ‘ವಾಯು ವಜ್ರ’ ಎಂದು ಹೆಸರಿಟ್ಟವರಿಗೆ ಈ ಚೀಲಗಳು ನೆನಪಿದ್ದವೋ ಇಲ್ಲವೋ. ನಿಲ್ದಾಣದಲ್ಲಿ ಪ್ರಯಾಣಿಕರು ಸಾಮಾನು ಸಮೇತ ಇಳಿದ ಮೇಲೆ ಬಸ್ಸಿನಡಿಯಿಂದ ಬರುವ ‘ಉಸ್’ ಎಂಬ ಸದ್ದಿನಲ್ಲಿ ಆ ಕವಾಟದ್ದೂ ಒಂದು ಪಾಲು.