ತಳರ್ನಡೆಯ ಕೂಸೂ ಮನೆಯ ಓರಣವೂ

ಕೂಸು ಅಂಬೆಗಾಲನ್ನು ಬಿಟ್ಟು ತಳರ್ನಡೆಗೆ ಮೊದಲಿಟ್ಟ ದಿನದಿಂದ ಮನೆಯ ಓರಣವು ಕೆಡಲಾರಂಭಿಸುವುದೆಂಬುದು ಎಲ್ಲ ತಾಯಂದಿರೂ ಬಲ್ಲ ಸಂಗತಿಯಷ್ಟೆ. ಕನ್ನಡನಾಡಿನ ಹಳೆಯ ಮನೆಗಳು ಇದಕ್ಕೆ ಕಂಡುಕೊಂಡಿದ್ದ ಉಪಾಯವು ಎತ್ತರ. ಹಾಲುಮೊಸರಿನ ಗಡಿಗೆಗಳು ನೆಲುವಿನಲ್ಲಿ, ಡಬ್ಬಗಳು ನಾಗಂದಿಗೆಯ ಮೇಲೆ, ಉಳಿದುದು ಅಟ್ಟದಲ್ಲಿ. ಬೆಕ್ಕಿಗೂ ಕೂಸಿಗೂ ಒಂದೇ ಕಟ್ಟಳೆ. ಕೈಗೆಟುಕದುದು ಕೆಡದು ಎಂಬುದೇ ಇದರ ತತ್ತ್ವ. ಇದಕ್ಕೆ ತೀರ ಪ್ರತಿಯಾದ ತತ್ತ್ವವೊಂದು 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ರೂಪುಗೊಂಡಿತು. ಅದಕ್ಕೆ ಮೊದಲ ಕಾರಣವಾದುದು ಮನೆಯೊಡೆಯರಿಗಿದ್ದ ಗೋಡೆಗಳ ಚಿಂತೆ.

ಸಾನ್ ಲೊರೆಂಜೋ ಎಂಬ ಆ ಕೇರಿಯಲ್ಲಿ 19ನೆಯ ಶತಮಾನದ ಕೊನೆಯ ಭಾಗದಲ್ಲಿ ದೊಡ್ಡ ಕಟ್ಟಡಗಳು ಎದ್ದುವು. ಕಟ್ಟಡದ ವ್ಯಾಪಾರವು ಕುಸಿಯಲು ಅವು ಅರೆಬರೆಯಾಗಿ ನಿಂತು ನಿರ್ಗತಿಕರ ಬಿಡಾರಗಳಾದುವು. ತರುವಾಯ ಒಂದು ಸಂಸ್ಥೆಯವರು ಅವನ್ನು ಕೊಂಡು, ದುರಸ್ತು ಮಾಡಿಸಿ, ಸಂಸಾರಸ್ಥರಿಗೆ ಬಾಡಿಗೆಗೆ ಕೊಟ್ಟರು. ತಂದೆತಾಯಿಗಳು ಕೂಲಿಗೆ ಹೋದ ಮೇಲೆ, ಶಾಲೆಯ ವಯಸ್ಸಾಗದ ಮಕ್ಕಳು ಮೆಟ್ಟಿಲುಗಳಲ್ಲಿ ಓಡಾಡಿ ಗೋಡೆಗಳನ್ನು ಹೊಲಸು ಮಾಡುತ್ತಿದ್ದರು. ರಿಪೇರಿಗೆ ತಗಲುವ ಹಣದಲ್ಲಿಯೇ ಆ ಮಕ್ಕಳನ್ನು ಒಂದೆಡೆ ನೋಡಿಕೊಳ್ಳಬಹುದೆಂದು ಸಂಸ್ಥೆಯ ಮುಖ್ಯಾಧಿಕಾರಿ ಎದುವಾರ್ದೋ ತಲಾಮೋ ಎಣಿಸಿದನು. ಆ ಕಾರ್ಯವನ್ನು ವಹಿಸಿಕೊಂಡವರು ವೈದ್ಯೆಯಾದ ಮರಿಯಾ ಮಾಂಟೆಸೊರಿಯವರು. 1907ನೆಯ ಜನವರಿ 6ರಂದು ‘ಮಕ್ಕಳ ಮನೆ’ಯು ತೆರೆಯಿತು.

ಅದರ ನಿಯಮಗಳು ಕಠಿನವಾಗಿದ್ದುವು. ತಾಯಂದಿರು ಮಕ್ಕಳ ಮೈಯನ್ನೂ ಬಟ್ಟೆಯನ್ನೂ ಶುಚಿಮಾಡಿ ಕಳುಹಬೇಕು; ಕೊಳಕಾಗಿ ಬಂದ ಮಕ್ಕಳನ್ನು ಹೊರಗೆ ಕಳುಹಿಬಿಡಬಹುದು. ಹಗಲೆಲ್ಲ ದುಡಿದು ಬಂದ ತಾಯಿಯ ತಲೆಯ ಮೇಲೆಯೇ ಹೊರೆ ಬಿದ್ದಿತು. ಮನೆಯು ಓರಣಗೆಟ್ಟರೆ ಅಪವಾದವು ಹೆಂಗಸಿಗೆ ಎಂಬ ಲೋಕರೂಢಿಯು ಅಲ್ಲಿಯೂ ತಪ್ಪಲಿಲ್ಲ.

ಕೋಣೆಯ ಒಳಗೆ ಮಾತ್ರ ಬೇರೊಂದು ಪಾಠವು ನಡೆಯಿತು. ಮೊದಮೊದಲು ಸಾಮಾನುಗಳೆಲ್ಲ ಬೀಗ ಹಾಕಿದ ಎತ್ತರದ ಬೀರುವಿನಲ್ಲಿದ್ದುವು; ಉಪಾಧ್ಯಾಯಿನಿಯೇ ಹಂಚಿ, ತಾನೇ ತೆಗೆದಿಡುವಳು. ಒಂದು ದಿನ ಬೀಗವು ಮರೆತುಹೋಯಿತು. ಆಕೆ ಬಂದು ನೋಡಲು, ಮಕ್ಕಳು ಬೇಕಾದುದನ್ನು ತಾವೇ ತೆಗೆದುಕೊಂಡು ಕೆಲಸದಲ್ಲಿ ಮುಳುಗಿದ್ದರು. ಉಪಾಧ್ಯಾಯಿನಿಗೆ ಕಳ್ಳತನವಾಗಿ ತೋರಿದುದು ಮಾಂಟೆಸೊರಿಯವರಿಗೆ ಆಯ್ಕೆಯಾಗಿ ತೋರಿತು. ಎತ್ತರದ ಬೀರು ಹೋಗಿ ತಗ್ಗಾದ ಬೀರುಗಳು ಬಂದುವು. ಮಕ್ಕಳ ಅಳತೆಯ ಹಗುರವಾದ ಕುರ್ಚಿಗಳೂ ಕೈತೊಳೆಯುವ ಬೋಗುಣಿಗಳೂ ಬಂದುವು. ಹಗುರವಾದ ಕುರ್ಚಿ ಉರುಳಿಬೀಳದೆ? ಎಂದು ಕೇಳಿದವರಿಗೆ, ಉರುಳಿದ ಸದ್ದೇ ಮಗುವಿಗೆ ತನ್ನ ನಡಿಗೆಯ ತಪ್ಪನ್ನು ತಿಳಿಸುವುದೆಂಬುದು ಅವರ ಸಮಾಧಾನವಾಗಿತ್ತು. ಗುಡಿಸುವುದು, ಧೂಳೊರಸುವುದು, ಊಟಕ್ಕೆ ಅಣಿಮಾಡುವುದು ಮಕ್ಕಳ ನಿತ್ಯದ ಅಭ್ಯಾಸಗಳಾದುವು.

ಇನ್ನೂ ಚಿಕ್ಕ ಕೂಸುಗಳಿಗೆ ಓರಣದ ಅರಿವೆಲ್ಲಿಯದು ಎಂದರೆ, ಮಾಂಟೆಸೊರಿಯವರೇ ಹೇಳಿರುವ ಒಂದು ಪ್ರಸಂಗವುಂಟು. ನೇಪಲ್ಸಿನ ಗುಹೆಯೊಂದರಲ್ಲಿ ಸುಮಾರು ಒಂದೂವರೆ ವರ್ಷದ ಮಗುವೊಂದು ಕಿರಿಚಿ ಅಳಹತ್ತಿತು. ಯಾರು ಎತ್ತಿಕೊಂಡರೂ ಸುಮ್ಮನಾಗಲೊಲ್ಲದು. ಸೆಕೆಯಿಂದ ಬೆವರಿದ ತಾಯಿ ತನ್ನ ಮೇಲಂಗಿಯನ್ನು ಕಳಚಿ ತೋಳಿನ ಮೇಲೆ ಹಾಕಿಕೊಂಡಿದ್ದಳು. ಆಕೆ ಅದನ್ನು ಮತ್ತೆ ತೊಟ್ಟೊಡನೆ ಅಳು ನಿಂತಿತು. ಅಂಗಿಯು ಇರತಕ್ಕ ಸ್ಥಳದಲ್ಲಿ ಇಲ್ಲದುದೇ ಮಗುವಿನ ಸಂಕಟ! ಒಂದೊಂದು ವಸ್ತುವಿಗೂ ಒಂದು ನೆಲೆಯುಂಟೆಂಬುದನ್ನು ಕೂಸು ಬಲ್ಲುದು. ಆ ನೆಲೆಯು ಅದರ ಕೈಗೆ ಎಟುಕದಿದ್ದರೆ, ತೆಗೆದುದನ್ನು ಮರಳಿ ಇಡುವುದೆಂತು?

ಮಾಂಟೆಸೊರಿಯವರು 1939ರಲ್ಲಿ ಮದರಾಸಿಗೆ ಬಂದು, ಯುದ್ಧಕಾಲವನ್ನು ಅಡಯಾರಿನಲ್ಲಿಯೂ ಕೋಡೈಕನಾಲಿನಲ್ಲಿಯೂ ಕಳೆದು, ಅನೇಕ ಉಪಾಧ್ಯಾಯರನ್ನು ತರಬೇತು ಮಾಡಿದರು. ಇಂದು ಬೆಂಗಳೂರು ಮೊದಲಾದ ಊರುಗಳಲ್ಲಿ ಅವರ ಹೆಸರಿನ ಶಾಲೆಗಳುಂಟು. ಆದರೆ ಆ ತಗ್ಗಾದ ಬೀರು ಶಾಲೆಯಿಂದ ಮನೆಗೆ ಬಂದುದು ವಿರಳ. ಬಿಸಿಹಾಲಿಗೂ ಈಳಿಗೆಮಣೆಗೂ ಕೈಗೆಟುಕದ ಸ್ಥಳವೇ ತಕ್ಕುದು. ಕೂಸಿನ ಲೋಟಕ್ಕೂ ಅಂಗಿಗೂ ಆಟಿಕೆಗೂ ಅದರ ಎದೆಯೆತ್ತರದ ಒಂದು ಗೂಡು ಸಾಕು. ಕೂಸು ಗುಡಿಸಿದ ನೆಲವನ್ನು ದೊಡ್ಡವರು ಮತ್ತೊಮ್ಮೆ ಗುಡಿಸಬೇಕಾದೀತು. ಆದರೂ ಮನೆಯ ಕೆಲಸದಲ್ಲಿ ತಾಯಿಗೆ ಒಬ್ಬ ಜೊತೆಗಾರನು ಅಂದಿನಿಂದಲೇ ಸಿದ್ಧನಾಗುತ್ತಿರುವನು.