ಕಾರಿಗೆ ಕಿವಿ ಜೋಡಿಸುತ್ತಿದ್ದ ರಸ್ತೆ

ಶೋರೂಮಿನಿಂದ ಹೊರಬಿದ್ದ ಹೊಸ ಕಾರು ಒಂದು ಕಾಲದಲ್ಲಿ ಮನೆ ಸೇರುವ ಮುನ್ನ ಎರಡು ಕಡೆ ನಿಲ್ಲುತ್ತಿತ್ತು. ಮೊದಲನೆಯದು ದೇವಸ್ಥಾನ. ಬಸವನಗುಡಿಯವರಾದರೆ ದೊಡ್ಡ ಗಣಪತಿ, ಮಲ್ಲೇಶ್ವರದವರಾದರೆ ಕಾಡು ಮಲ್ಲೇಶ್ವರ ಅಥವಾ ಸರ್ಕಲ್ ಮಾರಮ್ಮ. ಬಾನೆಟ್ಟಿಗೆ ಹಾರ, ಗಾಜಿಗೆ ಕುಂಕುಮ, ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು. ಎರಡನೆಯದು ಜೆ.ಸಿ. ರಸ್ತೆ. ದೇವರ ರಕ್ಷೆ ಪಡೆದು ಬಂದ ಕಾರಿಗೆ ಅಲ್ಲಿ ಹಾಡು ಜೋಡಿಸಲಾಗುತ್ತಿತ್ತು.

ಏಕೆಂದರೆ ಕಾರ್ಖಾನೆಯಿಂದ ಬರುವಾಗ ಕಾರು ಮೂಕವಾಗಿರುತ್ತಿತ್ತು. ಅಂಬಾಸಿಡರ್ ಇರಲಿ, ಫಿಯೆಟ್ ಇರಲಿ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ಇರಲಿ, ಸಾಮಾನ್ಯ ಮಾದರಿಗಳಲ್ಲಿ ರೇಡಿಯೊ ಇರುತ್ತಿರಲಿಲ್ಲ. ಬೇಕಾದವರು ಹೊರಗೆ ಕೊಂಡು ಹಾಕಿಸಿಕೊಳ್ಳಬೇಕಿತ್ತು. ಬೆಂಗಳೂರಿನಲ್ಲಿ ಆ 'ಹೊರಗೆ' ಎಂದರೆ ಪುರಭವನದ ಬಳಿಯಿಂದ ಹೊರಟು, ರವೀಂದ್ರ ಕಲಾಕ್ಷೇತ್ರವನ್ನು ದಾಟಿ, ಮಿನರ್ವ ವೃತ್ತದತ್ತ ಸಾಗುವ ಜಯಚಾಮರಾಜೇಂದ್ರ ರಸ್ತೆ. ಲಾರಿ ಮತ್ತು ಖಾಸಗಿ ಬಸ್ಸುಗಳ ನೆಲೆಯಾದ ಕಲಾಸಿಪಾಳ್ಯ ಅಲ್ಲಿಂದ ಕೂಗಳತೆಯ ದೂರ. ಹಾಗಾಗಿ ಬಿಡಿಭಾಗಗಳ ಅಂಗಡಿಗಳು ಆ ಸುತ್ತಿನಲ್ಲೇ ಬೇರುಬಿಟ್ಟವು. ಬಿಡಿಭಾಗಗಳ ಬೆನ್ನಿಗೆ ಸೀಟಿನ ಕವರು, ಹಾರ್ನು, ಕೊನೆಗೆ ಸ್ಟೀರಿಯೊ ಬಂದವು.

ರಸ್ತೆಯ ಹೆಸರಿನಲ್ಲೇ ಒಂದು ಸೊಗಸಾದ ಕಾಕತಾಳೀಯವಿದೆ. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಸ್ವತಃ ವಾಗ್ಗೇಯಕಾರರು, ಗ್ರಾಮಫೋನ್ ತಟ್ಟೆಗಳ ಅಪ್ಪಟ ಪ್ರೇಮಿ. ಲಂಡನ್ನಿನಲ್ಲಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟವರು ಅವರೇ. ಅವರ ಹೆಸರಿನ ರಸ್ತೆಯೇ ಊರಿನ ಕಾರುಗಳಿಗೆ ಸಂಗೀತ ಜೋಡಿಸುವ ಬೀದಿಯಾಯಿತು.

ಕಾರಿನೊಳಗೆ ರೇಡಿಯೊ ಕೂರಿಸುವುದು ಮೊದಮೊದಲು ಹರಸಾಹಸವಾಗಿತ್ತು. ಅಮೆರಿಕದ ಷಿಕಾಗೊದಲ್ಲಿ ಪಾಲ್ ಗಾಲ್ವಿನ್ ಎಂಬ ಉದ್ಯಮಿ 1930ರಲ್ಲಿ ಸಾಮಾನ್ಯ ಕೊಳ್ಳುಗನ ಕೈಗೆಟುಕುವಂಥ ಕಾರ್ ರೇಡಿಯೊ ಮಾರುಕಟ್ಟೆಗೆ ತಂದ. ಮೋಟಾರು ಎಂಬುದಕ್ಕೆ ಆಗಿನ ಕಾಲದ ಫ್ಯಾಷನ್ನಿನ ಬಾಲವೊಂದನ್ನು ಸೇರಿಸಿ ಅದಕ್ಕೆ 'ಮೋಟೊರೋಲ' ಎಂದು ಹೆಸರಿಟ್ಟ. ಅವನ ತಂತ್ರಜ್ಞರಿಗೆ ಎದುರಾದ ತೊಡಕುಗಳು ಎರಡು. ಆಗಿನ ರೇಡಿಯೊದ ಗಾಜಿನ ವಾಲ್ವುಗಳು ಕಾರಿನ ಬ್ಯಾಟರಿ ಕೊಡುವುದಕ್ಕಿಂತ ಬಹಳ ಹೆಚ್ಚಿನ ವೋಲ್ಟೇಜು ಕೇಳುತ್ತಿದ್ದವು. ಎರಡನೆಯದು ಎಂಜಿನ್ನಿನ ಗಲಾಟೆ. ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ರೇಡಿಯೊ ಅಲೆಗಳು ಹೊರಡುತ್ತವೆ; ನಿಸ್ತಂತು ವಿದ್ಯೆಯ ಆರಂಭದಲ್ಲಿ ಸಂದೇಶ ಕಳಿಸುತ್ತಿದ್ದುದೇ ಇಂಥ ಕಿಡಿಗಳಿಂದ. ಹೀಗಾಗಿ ಓಡುವ ಪ್ರತಿಯೊಂದು ಪೆಟ್ರೋಲ್ ಎಂಜಿನ್ನೂ ಒಂದು ಪುಟ್ಟ ಪ್ರಸಾರ ಕೇಂದ್ರವೇ. ಹಾಡಿನ ಜತೆಗೆ ಎಂಜಿನ್ನಿನ ಕರಕರ ಸದ್ದೂ ಸ್ಪೀಕರಿನಲ್ಲಿ ಕೇಳುತ್ತಿತ್ತು, ಆಕ್ಸಿಲರೇಟರ್ ಒತ್ತಿದಂತೆ ಏರುತ್ತಿತ್ತು.

ಇದಕ್ಕೂ ಬೆಂಗಳೂರಿಗೂ ಒಂದು ಸುತ್ತುಬಳಸಿನ ನಂಟಿದೆ. ಯುರೋಪಿನ ಮೊದಲ ಕಾರ್ ರೇಡಿಯೊವನ್ನು 1932ರಲ್ಲಿ ತಂದದ್ದು ಜರ್ಮನಿಯ ಬ್ಲಾಪುಂಕ್ಟ್ ಬಳಗ. ಮರುವರ್ಷ ಅದನ್ನು ಕೊಂಡದ್ದು ಬಾಷ್ ಕಂಪೆನಿ. ಅದೇ ಬಾಷ್‌ನ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೊ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ ತಯಾರಿಸಿತು. ಕರಕರ ಎನಿಸುವ ಕಿಡಿ, ಆ ಕರಕರವನ್ನು ದಾಟಿ ಹಾಡಬೇಕಾದ ರೇಡಿಯೊ, ಎರಡೂ ಒಂದೇ ಮನೆತನದವು!

ಅಮೆರಿಕದಲ್ಲಿ ಕಾರ್ ರೇಡಿಯೊಗೆ ವಿರೋಧವೂ ಬಂತು. 1930ರ ಸುಮಾರಿನಲ್ಲಿ ಕೆಲವು ಕಡೆ ಅದನ್ನು ನಿಷೇಧಿಸುವ ಪ್ರಸ್ತಾಪಗಳೇ ಆದವು. ಚಾಲಕನ ಗಮನ ಚದುರುತ್ತದೆ, ಹಾಡು ಕೇಳುತ್ತ ತೂಕಡಿಸುತ್ತಾನೆ ಎಂಬುದು ದೂರು. ತಯಾರಕರ ಪರವಾದ ವಾದವೂ ಸಬಲವಾಗಿತ್ತು: ರೇಡಿಯೊಗೆ ಬೇಕಾದದ್ದು ಕಿವಿ ಮಾತ್ರ, ಕಣ್ಣು ರಸ್ತೆಯ ಮೇಲೆಯೇ ಇರುತ್ತದೆ. ಸ್ಟೇಷನ್ ಬದಲಿಸಲು ಗುಂಡಿ ತಿರುಗಿಸಿದರಾಯಿತು, ಬೆರಳಿಗೆ ಅದರ ಜಾಗ ಗೊತ್ತು. ಈ ವಾದ ಗೆದ್ದಿತು. ಅದು ಎಷ್ಟು ದಿನ ನಿಜವಾಗಿ ಉಳಿಯಿತು ಎಂಬುದೇ ಮುಂದಿನ ಕಥೆ.

ಮೈಸೂರು ಸೀಮೆಯಲ್ಲಿ ಕೇಳಲು ಒಂದು ಕೇಂದ್ರವಾದರೂ ಬೇಕಿತ್ತಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಿಂದ ಪುಟ್ಟ ಪ್ರಸಾರ ಯಂತ್ರದ ಮೂಲಕ 'ಆಕಾಶವಾಣಿ' ಆರಂಭಿಸಿದರು. ಬೆಂಗಳೂರಿಗೆ ನಿಲಯ ಬಂದದ್ದು 1955ರ ನವೆಂಬರಿನಲ್ಲಿ. ರೇಡಿಯೊ ಇಟ್ಟುಕೊಳ್ಳುವವರು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಬೇಕಿತ್ತು. ಆ ಶುಲ್ಕ ರದ್ದಾದದ್ದು 1985ರಲ್ಲಿ. ಮನೆಯ ರೇಡಿಯೊವೇ ಪ್ರತಿಷ್ಠೆಯ ವಸ್ತುವಾಗಿದ್ದ ದಿನಗಳಲ್ಲಿ ಕಾರಿನ ರೇಡಿಯೊ ಎಂದರೆ ಡಾಕ್ಟರು, ಗುತ್ತಿಗೆದಾರರು, ಸಿನಿಮಾದವರ ಮಾತಾಗಿತ್ತು. ಅದರಲ್ಲಿ ಕೇಳುತ್ತಿದ್ದುದೂ ಮಧ್ಯಮ ತರಂಗದ 612 ಕಿಲೋಹರ್ಟ್ಸ್‌ನಂಥ ಆಕಾಶವಾಣಿ ಪ್ರಸಾರವೇ. ವಿದ್ಯುತ್ ತಂತಿಯ ಕೆಳಗೆ ಹೋದರೆ ಗುಂಯ್ ಎನ್ನುವುದು, ಸೇತುವೆಯಡಿ ಹೊಕ್ಕರೆ ಮೌನ.

ಕಾರನ್ನು ನಿಜವಾಗಿ ಹಾಡುವಂತೆ ಮಾಡಿದ್ದು ಧ್ವನಿಸುರುಳಿ. ಫಿಲಿಪ್ಸ್ ಕಂಪೆನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ಗುಂಡಿಗಳಿಗೆ ಅಲುಗುವ ತಟ್ಟೆಯಲ್ಲ, ಗಾಳಿಯನ್ನು ನಂಬಿದ ಅಲೆಯೂ ಅಲ್ಲ. ಏನು ಕೇಳಬೇಕೆಂಬುದು ಮೊದಲ ಬಾರಿಗೆ ಕಾರಿನವನ ಕೈಗೇ ಬಂತು. ಕನ್ನಡದಲ್ಲಿ ಈ ಸುಗ್ಗಿ ತಡವಾಗಿ ಬಂದರೂ ಜೋರಾಗಿ ಬಂತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾಯಿತು. 1974ರಲ್ಲಿ ಹುಟ್ಟಿದ ಲಹರಿ ಸಂಸ್ಥೆಯ ನೆಲೆ ಚಾಮರಾಜಪೇಟೆ. ಹಂಸಲೇಖ ಅವರ ಹಾಡುಗಳಿದ್ದ 1987ರ 'ಪ್ರೇಮಲೋಕ'ದ ಕ್ಯಾಸೆಟ್ಟು ಹೋಟೆಲು, ಬಸ್ಸು, ಆಟೊ, ಕಾರು ಎಲ್ಲವನ್ನೂ ಹೊಕ್ಕಿತು. ಚಾಮರಾಜಪೇಟೆಯಲ್ಲಿ ಹಾಡಿನ ವ್ಯಾಪಾರ, ಪಕ್ಕದ ಜೆ.ಸಿ. ರಸ್ತೆಯಲ್ಲಿ ಅದನ್ನು ಹಾಡಿಸುವ ಯಂತ್ರದ ವ್ಯಾಪಾರ.

ಆ ಯಂತ್ರವನ್ನು ಆರಿಸುವುದೂ ಒಂದು ವಿದ್ಯೆಯೇ ಆಗಿತ್ತು. ಪರದೇಶದ ಸೆಟ್ಟುಗಳ ಮೇಲೆ ಸುಂಕ ಭಾರವಾಗಿದ್ದ ಕಾಲ. ದುಬೈಯಿಂದ ಬರುವ ನೆಂಟರ ಕೈಯಲ್ಲಿ ತರಿಸುವವರಿದ್ದರು. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಬಿಲ್ಲಿಲ್ಲದೆ ಕೊಳ್ಳುವವರಿದ್ದರು. ಸೆಟ್ ತಂದ ಮೇಲೆ ಫಿಟ್ಟರ್ ಬೇಕು. ಹಳೆಯ ಬ್ರಿಟಿಷ್ ಮಾದರಿಯ ಕೆಲವು ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಮೈಗೆ ಕಟ್ಟಿರುತ್ತಿದ್ದರು. ಅದನ್ನು ನೋಡದೆ ವೈರು ಜೋಡಿಸಿದರೆ ಹೊಸ ಸೆಟ್ಟು ಹೊಗೆಯಾಡುತ್ತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಜಾಗವಿಲ್ಲದ ಕಾರಿಗೆ ಅದರ ಕೆಳಗೆ ತಗಡಿನ ಪಟ್ಟಿ ಬಿಗಿದು ನೇತುಹಾಕಬೇಕು. ಸ್ಪೀಕರಿಗಾಗಿ ಬಾಗಿಲ ಹಲಗೆಯಲ್ಲಿ ಗುಂಡಗೆ ಕತ್ತರಿಸಬೇಕು, ಆದರೆ ಕಿಟಕಿಯ ಗಾಜು ಇಳಿದಾಗ ಅದಕ್ಕೆ ತಾಗಬಾರದು. ಇಷ್ಟೆಲ್ಲ ನಡೆಯುತ್ತಿದ್ದುದು ಅಂಗಡಿಯ ಮುಂದೆ ರಸ್ತೆಯ ಅಂಚಿನಲ್ಲೇ. ಬಾಗಿಲು ತೆರೆದ ಕಾರು, ಸೀಟಿನಡಿ ತಲೆ ತೂರಿಸಿದ ಹುಡುಗ, ಹೊರಗೆ ಚಾಚಿದ ಅವನ ಕಾಲು.

ಈ ಬೀದಿ ವ್ಯಾಪಾರವನ್ನು ಬದುಕಿಸಿದ್ದು ಒಂದು ಅಳತೆ. ಜರ್ಮನಿಯಲ್ಲಿ ರೂಪುಗೊಂಡು ಆಮೇಲೆ ಅಂತರರಾಷ್ಟ್ರೀಯ ಮಾನಕವಾದ ಅದರ ಪ್ರಕಾರ ಕಾರ್ ಸೆಟ್ಟಿನ ಮುಖ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಜಪಾನಿನ ಸೆಟ್ಟು ಇಟಲಿಯ ವಿನ್ಯಾಸದ ಕಾರಿನಲ್ಲಿ ಕೂರುತ್ತಿತ್ತು. ಇಂದು ಕ್ಯಾಸೆಟ್, ನಾಳೆ ಸಿ.ಡಿ., ಕಿಂಡಿ ಮಾತ್ರ ಅದೇ. ಗಿರಾಕಿಗೆ ಆಯ್ಕೆ, ಫಿಟ್ಟರಿಗೆ ಅನ್ನ.

ಕಳ್ಳನಿಗೂ ಅನುಕೂಲವೇ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು 1898ರ ಪ್ಲೇಗಿನ ಹೊತ್ತಿಗೆ. ಜಟಕಾ ಕಾಲದ ಈ ಬಡಾವಣೆಗಳ ಎಷ್ಟೋ ಮನೆಗಳಿಗೆ ಕಾರು ನಿಲ್ಲಿಸುವ ಜಾಗವೇ ಇಲ್ಲ. ರಾತ್ರಿ ಬೀದಿಯಲ್ಲಿ ನಿಂತ ಕಾರಿನ ಗಾಜು ಒಡೆದು ಸ್ಟೀರಿಯೊ ಎಗರಿಸುವುದು ಮಾಮೂಲಾಯಿತು. ಕಂಪೆನಿಗಳು ಇದಕ್ಕೆ ಕಂಡುಕೊಂಡ ಉತ್ತರ, ಕಳಚಿ ಒಯ್ಯುವ ಮುಖಫಲಕ. ಮದುವೆ ಮನೆಯಲ್ಲಿ ಊಟಕ್ಕೆ ಕೂತ ಯಜಮಾನರ ಜೇಬಿನಲ್ಲಿ ಆ ಫಲಕ ಉಬ್ಬಿಕೊಂಡಿರುತ್ತಿತ್ತು.

2001ರ ಜುಲೈ 3ರಂದು ಬೆಂಗಳೂರಿನಲ್ಲಿ ರೇಡಿಯೊ ಸಿಟಿ ಆರಂಭವಾಯಿತು. ಅದು ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ. ಎಂಜಿನ್ನಿನ ಕಿಡಿಯ ಕರಕರ ಎಫ್.ಎಂ.ಗೆ ಅಷ್ಟಾಗಿ ತಟ್ಟುವುದಿಲ್ಲ. ಎಪ್ಪತ್ತು ವರ್ಷಗಳ ಹಳೆಯ ತಲೆನೋವು ಹೀಗೆ ತೀರಿತು. ಬದಲಿಗೆ ಬಂದ ತಕರಾರು ಭಾಷೆಯದು: ಕನ್ನಡದ ರಾಜಧಾನಿಯ ಖಾಸಗಿ ರೇಡಿಯೊದಲ್ಲಿ ಹಿಂದಿ ಹಾಡುಗಳೇ ಏಕೆ? ವರ್ಷಗಳು ಕಳೆದಂತೆ ಹಲವು ಕೇಂದ್ರಗಳು ಕನ್ನಡಕ್ಕೆ ಹೊರಳಿದವು. ವಾಹನ ದಟ್ಟಣೆಯಲ್ಲಿ ಸಿಕ್ಕಿಬಿದ್ದವರೇ ಅವುಗಳ ನೆಚ್ಚಿನ ಶ್ರೋತೃಗಳಾಗಿದ್ದರು ಎಂಬುದನ್ನು ಮರೆಯುವಂತಿಲ್ಲ.

ಇಲ್ಲಿಯವರೆಗೆ ಕಾರು ಕೇಳಿಸಿಕೊಳ್ಳುತ್ತಿತ್ತು ಅಷ್ಟೆ. ಮಾತಾಡತೊಡಗಿದ್ದು ಫೋನಿನಿಂದ. 1946ರ ಜೂನಿನಲ್ಲೇ ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಕಾರಿನಿಂದ ದೂರವಾಣಿ ಸೇವೆ ಆರಂಭವಾಗಿತ್ತು; ಅದರ ಯಂತ್ರದ ತೂಕ ಸುಮಾರು 36 ಕಿಲೊ, ಇಡುವುದು ಡಿಕ್ಕಿಯಲ್ಲಿ. ಬೆಂಗಳೂರಿನಲ್ಲಿ ದೂರವಾಣಿ ತಯಾರಿಸುವ ಐ.ಟಿ.ಐ. 1948ರಿಂದಲೂ ಇತ್ತಾದರೂ ಮನೆಯ ಸಂಪರ್ಕಕ್ಕೇ ವರ್ಷಗಟ್ಟಲೆ ಕಾಯಬೇಕಿದ್ದ ಊರಿನಲ್ಲಿ ಕಾರಿನ ಫೋನು ಕನಸಿಗೂ ಬರುವಂಥದ್ದಲ್ಲ. ಕಾರ್ ರೇಡಿಯೊದಿಂದ ಹೆಸರು ಪಡೆದ ಮೋಟೊರೋಲ ಕಂಪೆನಿಯೇ 1973ರಲ್ಲಿ ಕೈಯಲ್ಲಿ ಹಿಡಿಯುವ ಫೋನನ್ನು ತೋರಿಸಿತು. ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕೋಲ್ಕತ್ತದಿಂದ ಹೋಯಿತು. ದಟ್ಟಣೆಯ ಹೊತ್ತಿನಲ್ಲಿ ಆರಂಭದ ದರ ನಿಮಿಷಕ್ಕೆ 16 ರೂಪಾಯಿ 80 ಪೈಸೆ. ಬಂದ ಕರೆಗೂ ದುಡ್ಡು. ಆ ದಶಕದ ಉತ್ತರಾರ್ಧದಲ್ಲಿ ಜೆಟಿ ಮೊಬೈಲ್ಸ್, ಸ್ಪೈಸ್ ಕಂಪೆನಿಗಳು ಕರ್ನಾಟಕದಲ್ಲಿ ಸೇವೆ ಆರಂಭಿಸಿದಾಗ ಕಾರಿನಲ್ಲಿ ಹರಟುವ ಧೈರ್ಯ ಹೆಚ್ಚು ಜನರಿಗಿರಲಿಲ್ಲ. 2003ರಲ್ಲಿ ಒಳಬರುವ ಕರೆ ಉಚಿತವಾದದ್ದೇ ತಡ, ಸ್ಟೀರಿಂಗಿನ ಮೇಲೆ ಒಂದೇ ಕೈ ಉಳಿಯಿತು.

ಆ ಕೈಯನ್ನು ಬಿಡಿಸಲು ಬಂದದ್ದು ಇಯರ್‌ಫೋನು, ಬಳಿಕ ಬ್ಲೂಟೂತ್. ಕೈ ಖಾಲಿಯಾದರೆ ಅಪಾಯ ತೀರಿತೆಂದು ನಂಬುವವರು ಇಂದಿಗೂ ಬಹಳ. ಆದರೆ ಕೆನಡಾದ ಟೊರಾಂಟೊದಲ್ಲಿ ಅಪಘಾತಕ್ಕೊಳಗಾದ 699 ಚಾಲಕರ ಫೋನ್ ದಾಖಲೆಗಳನ್ನು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನ, ಫೋನಿನಲ್ಲಿ ಮಾತಾಡುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಎಂದಿತು. ಕೈಯಲ್ಲಿ ಹಿಡಿಯದ ಫೋನು ಅದಕ್ಕಿಂತ ಸುರಕ್ಷಿತ ಎಂಬುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಪಕ್ಕದಲ್ಲಿ ಕೂತವರು ಎದುರಿಗೆ ಲಾರಿ ಬಂದಾಗ ತಾವಾಗಿ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆಯವರಿಗೆ ಲಾರಿ ಕಾಣುವುದಿಲ್ಲ.

ಆಮೇಲೆ ಬಂತು ಪರದೆ. ಆಪಲ್‌ನ ಕಾರ್‌ಪ್ಲೇ 2014ರಲ್ಲಿ, ಗೂಗಲ್‌ನ ಆಂಡ್ರಾಯ್ಡ್ ಆಟೊ 2015ರಲ್ಲಿ ಬಂದು ಫೋನನ್ನೇ ಡ್ಯಾಶ್‌ಬೋರ್ಡಿಗೆ ತಂದವು. ದಾರಿ ತೋರಿಸುವ ನಕ್ಷೆ, ಹಾಡು, ಕರೆ, ಅನೇಕ ಕಾರುಗಳಲ್ಲಿ ಹವಾನಿಯಂತ್ರಣದ ಸ್ವಿಚ್ಚು ಕೂಡ ಒಂದೇ ಗಾಜಿನಲ್ಲಿ ಸೇರಿಕೊಂಡಿತು. ಗಾಜಿನ ಮೇಲೆ ಬೆರಳಿಗೆ ಗುರುತು ಸಿಗುವುದಿಲ್ಲ, ನೋಡಲೇಬೇಕು. ಸ್ವೀಡನ್ನಿನ 'ವಿ ಬಿಲಾಗಾರೆ' ಪತ್ರಿಕೆ 2022ರಲ್ಲಿ ಹಲವು ಹೊಸ ಕಾರುಗಳನ್ನೂ 2005ರ ಒಂದು ಹಳೆಯ ವೋಲ್ವೊವನ್ನೂ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸಿ, ರೇಡಿಯೊ ಸ್ಟೇಷನ್ ಬದಲಿಸುವಂಥ ಮಾಮೂಲಿ ಕೆಲಸಗಳನ್ನು ಚಾಲಕರಿಂದ ಮಾಡಿಸಿತು. ಗುಂಡಿಗಳಿದ್ದ ಹಳೆಯ ಕಾರಿನಲ್ಲಿ ಹಿಡಿದ ಸಮಯ 10 ಸೆಕೆಂಡು. ಪರದೆಯ ಕಾರುಗಳಲ್ಲಿ ತೀರ ಹಿಂದುಳಿದದ್ದಕ್ಕೆ 44.6 ಸೆಕೆಂಡು, ಅಷ್ಟರಲ್ಲಿ ಅದು 1,300 ಮೀಟರಿಗೂ ಹೆಚ್ಚು ದೂರ ಓಡಿತ್ತು.

ನಮ್ಮ ಕಾನೂನು ಇನ್ನೂ ಕೈಯನ್ನೇ ನೋಡುತ್ತಿದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು, ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು ಅಪಾಯಕಾರಿ ಚಾಲನೆಗಳ ಪಟ್ಟಿಗೆ ಸೇರಿಸಿತು. ಮೊದಲ ಅಪರಾಧಕ್ಕೆ ಕಾಯ್ದೆ ಹೇಳುವುದು 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿನಿಂದ ಒಂದು ವರ್ಷದವರೆಗಿನ ಸೆರೆವಾಸ, ಅಥವಾ ಎರಡೂ. 2020ರ ಅಕ್ಟೋಬರಿನಿಂದ ನಿಯಮಗಳಲ್ಲಿ ದಾರಿ ನೋಡಲು ಮಾತ್ರ, ಅದೂ ಏಕಾಗ್ರತೆ ಕೆಡದಂತೆ, ಫೋನು ಬಳಸಲು ವಿನಾಯಿತಿ ಸಿಕ್ಕಿತು. ಡ್ಯಾಶ್‌ಬೋರ್ಡಿನಲ್ಲೇ ಹುದುಗಿದ ಪರದೆ ಕೈಯಲ್ಲಿ ಹಿಡಿಯುವ ಸಾಧನವಲ್ಲ. ಗಾಂಧಿ ಬಜಾರಿನ ಜನಜಂಗುಳಿಯಲ್ಲಿ ಹೂವಿನವರ, ತರಕಾರಿಯವರ, ಶಾಲೆ ಬಿಟ್ಟ ಮಕ್ಕಳ ನಡುವೆ ಸಾಗುವ ಕಾರಿನಲ್ಲಿ ಚಾಲಕನ ಎರಡೂ ಕೈ ಸ್ಟೀರಿಂಗಿನ ಮೇಲಿದ್ದು, ಕಣ್ಣು ಮಾತ್ರ ಮುಂದಿನ ಹಾಡಿನ ಹೆಸರು ಹುಡುಕುತ್ತಿದ್ದರೆ ದಂಡ ಹಾಕುವ ಪೊಲೀಸರಿಗೆ ಕಾಣುವುದಾದರೂ ಏನು?

ಕಾರು ಕೊಳ್ಳುವಾಗ ಪರದೆ ಎಷ್ಟು ಇಂಚು ಎಂದು ಕೇಳುವವರೇ ಹೆಚ್ಚು. ದನಿ ತಗ್ಗಿಸಲು ತಿರುಗಿಸುವ ಗುಂಡಿ ಇದೆಯೇ, ಸ್ಟೀರಿಂಗಿನಿಂದ ಬೆರಳೆತ್ತದೆ ಕರೆ ನಿರಾಕರಿಸಬಹುದೇ ಎಂದು ಕೇಳುವುದು ಇದಕ್ಕಿಂತ ಉಪಯುಕ್ತ. ದಾರಿಯನ್ನೂ ಹಾಡನ್ನೂ ಮನೆಯ ಮುಂದೆಯೇ, ಎಂಜಿನ್ ಚಾಲೂ ಮಾಡುವ ಮೊದಲೇ ಆರಿಸಿಟ್ಟುಕೊಳ್ಳಲು ದುಡ್ಡೇನೂ ಬೇಕಿಲ್ಲ.

ಜೆ.ಸಿ. ರಸ್ತೆಯ ಅಂಗಡಿಗಳು ಇನ್ನೂ ಇವೆ. ಸೀಟಿನ ಕವರು, ಹಿಂಬದಿ ಕ್ಯಾಮೆರಾ, ಹಳೆಯ ಕಾರುಗಳಿಗೆ ಹೊಸ ಪರದೆ ಅಲ್ಲಿ ಸಿಗುತ್ತವೆ. ಆದರೆ ಹೊಸ ಕಾರುಗಳಲ್ಲಿ 180 ಮಿಲಿಮೀಟರಿನ ಆ ಕಿಂಡಿ ಮಾಯವಾಗುತ್ತಿದೆ. ಸೆಟ್ಟು ಕಾರಿನ ಮೈಯಲ್ಲೇ ಬೆಸೆದುಕೊಂಡು ಬರುವುದರಿಂದ ಬದಲಿಸುವ ಮಾತಿಲ್ಲ; ವೈರು ಮುಟ್ಟಿದರೆ ವಾರಂಟಿ ಹೋದೀತೆಂಬ ಹೆದರಿಕೆ ಗಿರಾಕಿಗೆ. ಈ ನಡುವೆ ಯುರೋಪಿನ ಕಾರು ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್, 2026ರಿಂದ ಪೂರ್ಣ ಅಂಕ ಬೇಕೆಂದರೆ ಇಂಡಿಕೇಟರ್, ಹಾರ್ನು, ವೈಪರ್‌ನಂಥ ಕೆಲವಕ್ಕೆ ಕೈಗೆ ಸಿಗುವ ನಿಜವಾದ ಗುಂಡಿ ಇಡಬೇಕೆಂದು ತಯಾರಕರಿಗೆ ಹೇಳಿದೆ. ಆ ಪಟ್ಟಿಯಲ್ಲಿ ರೇಡಿಯೊ ಇಲ್ಲ.